ಜಮಖಂಡಿಯ ಹೊಂಡಕ್ಕೆ ಕಡಲಕಳೆ: ಮೀನಿನ ಮೇವಿಗೆ ಬೆರೆಸಬಹುದೇ?

ಕೃಷ್ಣೆಯ ದಂಡೆ (ಜಮಖಂಡಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಕೃಷ್ಣೆಗೆ ಹತ್ತಿರ. ಅಪ್ಪನ ಕಾಲದಿಂದ ಕಬ್ಬಿಗೆ ನೀರು ಹರಿಸಿ ಹರಿಸಿ ತಗ್ಗಿನ ಎರಡು ಎಕರೆ ಸವಳು ಜವಳಾಯಿತು. ಕಬ್ಬು ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಂತುಬಿಡುತ್ತಿತ್ತು. ಆ ತಗ್ಗಿನಲ್ಲಿಯೇ ಹೊಂಡ ತೋಡಿಸಿ ಕಾಟ್ಲಾ, ರೋಹು, ಮೃಗಾಲ್ ಬಿಟ್ಟು ಇದು ಮೂರನೆಯ ವರ್ಷ. 2019ರ ಆಗಸ್ಟ್ ಪ್ರವಾಹದಲ್ಲಿ ಪಕ್ಕದ ಊರಿನವರ ಹೊಂಡಗಳೆಲ್ಲ ನದಿಗೆ ಸೇರಿ ಮೀನು ಕೊಚ್ಚಿಹೋದದ್ದನ್ನು ಕಣ್ಣಾರೆ ಕಂಡವನು ನಾನು. ಆದ್ದರಿಂದ ಒಡ್ಡು ಎತ್ತರಿಸಿದ ಮೇಲೆಯೇ ಮರಿ ಬಿಟ್ಟೆ. ಸಾಲ ಇನ್ನೂ ಇದೆ.

ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗುತ್ತಿದೆ. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಸಮ ಬೆರೆಸಿ, ತೂತು ಮಾಡಿದ ಗೊಬ್ಬರದ ಚೀಲಗಳಲ್ಲಿ ತುಂಬಿ, ಗಳಕ್ಕೆ ಕಟ್ಟಿ ನೀರಿಗೆ ಇಳಿಬಿಡುತ್ತೇನೆ. ಹಿಂಡಿಯ ದರ ಪ್ರತಿ ಹಂಗಾಮಿಗೂ ಏರುತ್ತಿದೆ. ಹೋದ ವಾರ ಒಬ್ಬ ವ್ಯಾಪಾರಿ ಮನೆಯ ತನಕ ಬಂದು ಕಡಲಕಳೆಯ ಪುಡಿ ತೋರಿಸಿದರು. ಕಂದು ಬಣ್ಣ, ಉಪ್ಪುಪ್ಪು ವಾಸನೆ, 25 ಕಿಲೋ ಚೀಲ. "ಹಿಂಡಿ ಅರ್ಧ ಕಡಿಮೆ ಮಾಡಿ ಇದನ್ನು ಹಾಕಿರಿ, ಮೀನು ಬೇಗ ತೂಕ ಬರುತ್ತದೆ, ಪರಿಸರಕ್ಕೂ ಒಳ್ಳೆಯದು" ಎಂದರು. ಎಂಟು ಚೀಲ ಕೊಂಡರೆ ದರ ಇಳಿಸುತ್ತಾರಂತೆ. ಹಣ ಕೊಡುವ ಮೊದಲು ಬಲ್ಲವರನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಯಾರಾದರೂ ಬಳಸಿದ್ದೀರಾ?

ದ್ರಾಕ್ಷಿ ಚಪ್ಪರ (ತಿಕೋಟಾ)

ತಮ್ಮಾ, ಮೀನಿನ ವಿಷಯ ನನಗೆ ಗೊತ್ತಿಲ್ಲ. ಕಡಲಕಳೆ ಮಾತ್ರ ನಮಗೆ ಹೊಸದಲ್ಲ. ಅದರ ರಸವನ್ನು ಎಷ್ಟೋ ವರ್ಷಗಳಿಂದ ದ್ರಾಕ್ಷಿಗೆ ಸಿಂಪಡಿಸುತ್ತಿದ್ದೇವೆ. ಇಫ್ಕೋದವರ ಸಾಗರಿಕಾ ಸಹ ಕೆಂಪು ಮತ್ತು ಕಂದು ಕಡಲಕಳೆಯಿಂದ ಮಾಡಿದ್ದೇ. ಚಾಟನಿ ಮಾಡಿದ ಮೇಲೆ, ಅಂದರೆ ಬಳ್ಳಿ ಸವರಿದ ಮೇಲೆ, ಚಿಗುರು ಒಂದೇ ಸಮನೆ ಒಡೆಯುವುದನ್ನು ನಾನು ನೋಡಿದ್ದೇನೆ. ಗಿಡಕ್ಕೆ ಆಗುವುದು ಮೀನಿಗೂ ಆಗಬಹುದು ಎಂದು ನನ್ನ ಅನಿಸಿಕೆ. ಎಂಟು ಚೀಲ ಬೇಡ, ಎರಡು ಕೊಂಡು ನೋಡು.

ಹಳೆಯ ಬಲೆ (ವಿಜಯಪುರ)

ದ್ರಾಕ್ಷಿ ಚಪ್ಪರದವರೇ, ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ಬಳ್ಳಿಗೆ ಸಿಂಪಡಿಸುವುದು ಬೇರೆ, ಮೀನಿನ ಹೊಟ್ಟೆ ತುಂಬಿಸುವುದು ಬೇರೆ. ಬಳ್ಳಿಗೆ ಎಕರೆಗೆ ಇಷ್ಟು ಮಿಲಿಲೀಟರ್ ಎಂದು ಹಾಕುತ್ತೀರಿ. ಅದು ಊಟವಲ್ಲ, ಚುರುಕು ಕೊಡುವ ಮದ್ದು. ಮೀನಿಗೆ ದಿನವೂ ಅದರ ಮೈತೂಕದ ನೂರಕ್ಕೆ ಎರಡು ಮೂರು ಪಾಲು ತಿನ್ನಿಸಬೇಕು. ಅಲ್ಲಿ ಪ್ರೋಟೀನು ಎಷ್ಟು, ಜೀರ್ಣವಾಗುವುದೆಷ್ಟು ಎನ್ನುವುದೇ ಮುಖ್ಯ.

ಮೂವತ್ತು ವರ್ಷ ಈ ಜಿಲ್ಲೆಯ ಕೆರೆಗಳಲ್ಲಿ ಮೀನುಮರಿ ಬಿಡಿಸಿದವನು ನಾನು. ಮಮದಾಪುರದ ಕೆರೆ ಒಣಗಿ ಬಿರುಕು ಬಿಟ್ಟಿದ್ದನ್ನೂ ನೋಡಿದ್ದೇನೆ, ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ತುಂಬಿ ನಿಂತಿದ್ದನ್ನೂ ನೋಡಿದ್ದೇನೆ. ಒಂದು ಮಾತು ಹೇಳುತ್ತೇನೆ, ಜಮಖಂಡಿಯ ತಮ್ಮ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಹೊಸ ಪದಾರ್ಥ ಬಂದಾಗ "ಇದರಲ್ಲಿ ಏನಿದೆ" ಎಂದು ಕೇಳುವುದು ಎರಡನೆಯ ಪ್ರಶ್ನೆ. "ಇದನ್ನು ಯಾವುದರ ಬದಲು ಹಾಕುತ್ತೇನೆ" ಎನ್ನುವುದು ಮೊದಲನೆಯದು.

ಜಗತ್ತಿನಲ್ಲಿ ಕಡಲಕಳೆಯ ಮೇವಿನ ಬಗ್ಗೆ ಇಷ್ಟು ಮಾತು ನಡೆಯುತ್ತಿರುವುದು ಮೀನಿನ ಹಿಟ್ಟಿನ ಕಾರಣದಿಂದ. ಸಾಲ್ಮನ್, ಕಡಲ ಪಂಜರದಲ್ಲಿ ಸಾಕುವ ಕೋಬಿಯಾ ಮೀನು ಇವು ಮಾಂಸ ತಿನ್ನುವ ಜಾತಿಗಳು, ಸಿಗಡಿ ಎರಡನ್ನೂ ತಿನ್ನುತ್ತದೆ. ಅವುಗಳ ಮೇವಿಗೆ ಮೀನಿನ ಹಿಟ್ಟು ಬೇಕು. ಒಂದು ಕಿಲೋ ಹಿಟ್ಟಿಗೆ ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು. ಬೂತಾಯಿಯಂಥ ಸಣ್ಣ ಮೀನು, ಜೊತೆಗೆ ಬಲೆಗೆ ಸಿಕ್ಕ ಮರಿಗಳು, ಎಲ್ಲವೂ ಗಿರಣಿಗೆ ಹೋಗುತ್ತವೆ. ಬಡವರು ತಟ್ಟೆಯಲ್ಲಿ ತಿನ್ನಬೇಕಾದ ಮೀನು ಅದು. ಆ ಹಿಟ್ಟಿನ ಸ್ವಲ್ಪ ಭಾಗವನ್ನಾದರೂ ಕಡಲಕಳೆ ಕಡಿಮೆ ಮಾಡಿದರೆ ನಿಜವಾದ ಪುಣ್ಯ.

ಆದರೆ ನಿನ್ನ ಹೊಂಡದಲ್ಲಿ ಮೀನಿನ ಹಿಟ್ಟು ಎಲ್ಲಿದೆ? ನೀನು ಹಾಕುತ್ತಿರುವುದು ಹಿಂಡಿ ಮತ್ತು ತೌಡು. ಕಾಟ್ಲಾ ಮೇಲ್ಪದರದ ಪ್ರಾಣಿ ಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ತಿನ್ನುತ್ತದೆ, ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು ತಿನ್ನುತ್ತದೆ. ಇವು ಮೊದಲಿನಿಂದಲೂ ಕಡಲಿನ ಮೀನನ್ನು ಬೇಡದ ಜಾತಿಗಳು. ಹೀಗಿರುವಾಗ ಕಡಲಕಳೆ ಉಳಿಸುವುದು ಯಾವ ಮೀನನ್ನು?

ಮೀನು ಪದವಿ (ಬಾಗಲಕೋಟೆ)

ಸರ್ ಹೇಳಿದ್ದು ಸರಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುವಾಗ ನಮಗೂ ಇದೇ ಲೆಕ್ಕವನ್ನು ಕಲಿಸಿದ್ದರು. ಪೆರು ದೇಶದ ಕಡಲಿನಲ್ಲಿ ಸಿಗುವ ಆಂಚೊವೆಟಾ ಎಂಬ ಸಣ್ಣ ಮೀನೇ ಜಗತ್ತಿನ ಮೀನಿನ ಹಿಟ್ಟಿಗೆ ದೊಡ್ಡ ಆಧಾರ. 2023ರಲ್ಲಿ ಕಡಲಿನ ನೀರು ಬಿಸಿಯಾಗುವ ಎಲ್ ನಿನೊ ಬಂದು ಪೆರು ಆ ವರ್ಷದ ಮೊದಲ ಹಂಗಾಮನ್ನೇ ರದ್ದು ಮಾಡಿತು. ಹಿಟ್ಟಿನ ದರ ಏರಿತು. ಬದಲಿ ಹುಡುಕಬೇಕಾದ ತುರ್ತು ಇದರಿಂದ ಇನ್ನೂ ಹೆಚ್ಚಿತು.

ಈಗ ಜಮಖಂಡಿಯವರ ಲೆಕ್ಕಕ್ಕೆ ಬರೋಣ. ಶೇಂಗಾ ಹಿಂಡಿಯಲ್ಲಿ ಪ್ರೋಟೀನು ನೂರಕ್ಕೆ ಸುಮಾರು 42, ಅಕ್ಕಿ ತೌಡಿನಲ್ಲಿ ಸುಮಾರು 12 ಎಂದು ಹಿಡಿಯಿರಿ. 50 ಕಿಲೋ ಹಿಂಡಿಯಿಂದ 21 ಕಿಲೋ, 50 ಕಿಲೋ ತೌಡಿನಿಂದ 6 ಕಿಲೋ. ಒಟ್ಟು 100 ಕಿಲೋ ಮೇವಿನಲ್ಲಿ 27 ಕಿಲೋ ಪ್ರೋಟೀನು. ಕಾಟ್ಲಾ, ರೋಹು, ಮೃಗಾಲ್‌ನಂಥ ಬೆಳೆಯುವ ಗೆಂಡೆ ಮೀನುಗಳಿಗೆ 25ರಿಂದ 30 ಸಾಕು. ಅಂದರೆ ನಿಮ್ಮ ಮೇವು ಈಗಲೇ ಸರಿಯಾಗಿದೆ.

ಕಡಲಕಳೆಯಲ್ಲಿ ಜಾತಿಯಿಂದ ಜಾತಿಗೆ ಬಹಳ ವ್ಯತ್ಯಾಸ. ಕಂದು ಜಾತಿಗಳಲ್ಲಿ ಒಣ ತೂಕದ 5ರಿಂದ 15, ಕೆಲವು ಕೆಂಪು ಮತ್ತು ಹಸಿರು ಜಾತಿಗಳಲ್ಲಿ ಅದಕ್ಕಿಂತ ಹೆಚ್ಚು. ನಿಮ್ಮ ವ್ಯಾಪಾರಿ ತಂದದ್ದು ಕಂದು ಬಣ್ಣದ್ದು, 10 ಎಂದುಕೊಳ್ಳೋಣ. 10 ಕಿಲೋ ಹಿಂಡಿ ತೆಗೆದು ಆ ಜಾಗಕ್ಕೆ 10 ಕಿಲೋ ಕಡಲಕಳೆ ಹಾಕಿದರೆ ಏನಾಗುತ್ತದೆ? ಹಿಂಡಿಯಿಂದ 16.8, ತೌಡಿನಿಂದ 6, ಕಳೆಯಿಂದ 1, ಒಟ್ಟು 23.8. ಒಂದೇ ಏಟಿಗೆ ಮೂರು ಕಿಲೋಗಿಂತ ಹೆಚ್ಚು ಪ್ರೋಟೀನು ಹೋಯಿತು. ವ್ಯಾಪಾರಿ ಹೇಳಿದ ಹಾಗೆ ಹಿಂಡಿಯನ್ನು ಅರ್ಧಕ್ಕೆ ಇಳಿಸಿದರೆ ಒಟ್ಟು 19ಕ್ಕೆ ಬಂದು ನಿಲ್ಲುತ್ತದೆ. ಮೀನು ಸಾಯುವುದಿಲ್ಲ, ಆದರೆ ತೂಕ ಏರುವುದು ನಿಧಾನವಾಗುತ್ತದೆ. ಮೇವು ಹಾಕುವ ದಿನಗಳು ಹೆಚ್ಚಾಗುತ್ತವೆ, ಉಳಿತಾಯ ಎಂದುಕೊಂಡದ್ದು ಅಲ್ಲಿಯೇ ಕರಗುತ್ತದೆ.

ಹಿಂಡಿಯನ್ನು ಮುಟ್ಟದೆ ತೌಡಿನಲ್ಲಿ 5 ಕಿಲೋ ತೆಗೆದು 5 ಕಿಲೋ ಕಡಲಕಳೆ ಹಾಕಿ ನೋಡಿ. 21, ಮತ್ತೆ 5.4, ಮತ್ತೆ 0.5. ಒಟ್ಟು 26.9. ಹೆಚ್ಚೇನೂ ಕಡಿಮೆಯಾಗಲಿಲ್ಲ. ಕಡಲಕಳೆಗೆ ಮೇವಿನಲ್ಲಿ ಜಾಗವಿದ್ದರೆ ಅದು ತೌಡಿನ ಜಾಗ, ಹಿಂಡಿಯ ಜಾಗವಲ್ಲ. ಇದನ್ನು ಯಾವ ವ್ಯಾಪಾರಿಯೂ ಹೇಳುವುದಿಲ್ಲ.

ಕೃಷ್ಣೆಯ ದಂಡೆ

ಲೆಕ್ಕವನ್ನು ಕಾಗದದ ಮೇಲೆ ಬರೆದು ಅಪ್ಪನಿಗೆ ತೋರಿಸಿದೆ. ಎರಡು ಸಲ ಕೂಡಿಸಿ ನೋಡಿದರು. ಆದರೆ ಒಂದು ಪ್ರಶ್ನೆ ಉಳಿಯಿತು. ಪ್ರೋಟೀನು ಹೆಚ್ಚಿಸದಿದ್ದರೆ, ತೌಡಿಗಿಂತ ದುಬಾರಿಯಾದ ಪದಾರ್ಥವನ್ನು ತೌಡಿನ ಜಾಗಕ್ಕೆ ಏಕೆ ಹಾಕಬೇಕು? ಸಂಶೋಧನೆಗಳಲ್ಲಿ ಮೀನಿನ ಬೆಳವಣಿಗೆ ಚೆನ್ನಾಗಿ ಆಯಿತು ಎಂದು ಓದಿದ್ದೇನಲ್ಲ?

ಮೀನು ಪದವಿ

ಓದಿದ್ದು ನಿಜವೇ ಇರಬೇಕು. ತಿಲಾಪಿಯಾ ಮೇಲೆ ಉಲ್ವಾ ಎಂಬ ಹಸಿರು ಕಳೆ ಹಾಕಿ ಮಾಡಿದ ಪ್ರಯೋಗಗಳು ಬಹಳ. ಒಟ್ಟಾರೆ ಕಾಣುವುದು ಇಷ್ಟು: ನೂರಕ್ಕೆ ಐದರ ಆಸುಪಾಸಿನಲ್ಲಿ ಬೆರೆಸಿದರೆ ಬೆಳವಣಿಗೆ ಚೆನ್ನಾಗಿಯೇ ಇರುತ್ತದೆ, ಕೆಲವೊಮ್ಮೆ ರೋಗ ತಾಳುವ ಶಕ್ತಿಯೂ ಹೆಚ್ಚುತ್ತದೆ. ಹದಿನೈದು ಇಪ್ಪತ್ತು ದಾಟಿದರೆ ಬೆಳವಣಿಗೆ ಕುಗ್ಗುತ್ತದೆ. ಕಾರಣವೂ ಇದೆ. ಕಳೆಯ ಪಿಷ್ಟ ನಮ್ಮ ಜೋಳದ ಪಿಷ್ಟದಂತಲ್ಲ. ಆಲ್ಜಿನೇಟ್, ಕ್ಯಾರಜೀನನ್, ಅಗರ್ ಎಂಬ ಅಂಟು ಪದಾರ್ಥಗಳು ಅದರಲ್ಲಿವೆ. ಅವುಗಳನ್ನು ಒಡೆಯುವ ಕಿಣ್ವ ಗೆಂಡೆ ಮೀನಿನ ಕರುಳಿನಲ್ಲಿ ಸಾಕಷ್ಟು ಇಲ್ಲ. ಜೊತೆಗೆ ಬೂದಿಯ ಅಂಶ ಹೆಚ್ಚು, ಒಣ ತೂಕದ ಐದನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಬರೀ ಖನಿಜ ಮತ್ತು ಉಪ್ಪು.

ಆದರೆ ಆ ಅಂಟೇ ಉಪಯೋಗಕ್ಕೂ ಬರುತ್ತದೆ. ಅದನ್ನು ಕೈಯಿಂದ ಮಾಡಿ ನೋಡಿದವರು ಹೇಳಿದರೆ ಒಳ್ಳೆಯದು.

ಅಂಕೋಲೆಯ ಮಗಳು (ಬೆಳಗಾವಿ)

ನಾನು ಹುಟ್ಟಿ ಬೆಳೆದದ್ದು ಅಂಕೋಲೆಯಲ್ಲಿ, ಮದುವೆಯಾಗಿ ಬಂದದ್ದು ಬೆಳಗಾವಿಗೆ. ನಮ್ಮ ಕಡೆ ಬಂಡೆಗಳ ಮೇಲೆ ಈ ಕಳೆ ತಾನಾಗಿಯೇ ಬೆಳೆಯುತ್ತದೆ. ಇಳಿತದ ವೇಳೆ ಹೋದರೆ ಬಂಡೆಯ ಮೇಲೆ ಹಸಿರು ಹಾಳೆಗಳು ಒದ್ದೆ ಬಟ್ಟೆಯಂತೆ ಅಂಟಿಕೊಂಡಿರುತ್ತವೆ, ಅದು ಉಲ್ವಾ. ಸ್ವಲ್ಪ ಆಳದಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಕಂದು ಪೊದೆ, ಅದು ಸರ್ಗಾಸಮ್. ಚಿಕ್ಕವರಿದ್ದಾಗ ಆ ಗುಳ್ಳೆಗಳನ್ನು ಬೆರಳಿನಿಂದ ಚಟಚಟ ಒಡೆಯುತ್ತಿದ್ದೆವು. ಆ ಪೊದೆಯನ್ನು ಎತ್ತಿ ನೋಡಿದರೆ ಒಳಗೆ ಬೆರಳುದ್ದದ ಮೀನುಮರಿಗಳು, ಸಣ್ಣ ಏಡಿಗಳು.

ಅದಕ್ಕೇ ನನ್ನ ಪ್ರಶ್ನೆ. ವ್ಯಾಪಾರಿ ತಂದ ಕಳೆ ಬೆಳೆದದ್ದೋ, ಬಂಡೆಯಿಂದ ಕಿತ್ತದ್ದೋ? ಬೆಳೆದದ್ದಾದರೆ ಸಂತೋಷ. ತಮಿಳುನಾಡಿನ ರಾಮನಾಥಪುರದ ಕಡೆ ಹೆಂಗಸರು ಹನ್ನೆರಡು ಅಡಿ ಚೌಕದ ಬಿದಿರಿನ ತೆಪ್ಪ ಕಟ್ಟಿ, ಹಗ್ಗಕ್ಕೆ ಕಪ್ಪಾಫೈಕಸ್ ಎಂಬ ಕೆಂಪು ಜಾತಿಯ ಕಡಲಕಳೆಯ ತುಂಡುಗಳನ್ನು ಪೋಣಿಸಿ ಪಾಕ್ ಕೊಲ್ಲಿಯಲ್ಲಿ ತೇಲಿಬಿಡುತ್ತಾರೆ. ನಲವತ್ತೈದು ದಿನಕ್ಕೆ ಕಟಾವು. ಸಿಹಿನೀರು, ಗೊಬ್ಬರ, ಭೂಮಿ ಯಾವುದೂ ಬೇಡ. ಮಂಡಪಂನಲ್ಲಿ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಬಿಯಾ ಪಂಜರಗಳ ಸುತ್ತ ಇಂಥ ತೆಪ್ಪ ನಿಲ್ಲಿಸಿ ತೋರಿಸಿದ್ದಾರೆ. ಮೀನು ಬಿಟ್ಟ ಕಸವನ್ನು ಕಳೆ ಹೀರಿ ಬೆಳೆಯುತ್ತದೆ, ನೀರೂ ತಿಳಿಯಾಗುತ್ತದೆ.

ಬಂಡೆಯಿಂದ ಕಿತ್ತದ್ದಾದರೆ ಮೀನುಮರಿಯ ತೊಟ್ಟಿಲನ್ನೇ ಕಿತ್ತು ಮೀನಿಗೆ ಮೇವು ಮಾಡಿದಂತೆ. ಅದನ್ನು ಪರಿಸರಕ್ಕೆ ಒಳ್ಳೆಯದು ಎಂದು ಮಾರಬಾರದು. ಮಳೆಗಾಲದಲ್ಲಿ ನಮ್ಮ ಕಡಲು ಕೆಂಪಾಗುತ್ತದೆ, ಕಾಳಿ, ಗಂಗಾವಳಿ, ಅಘನಾಶಿನಿ ಎಲ್ಲವೂ ಸಿಹಿನೀರನ್ನು ತಂದು ಸುರಿಯುತ್ತವೆ. ಆ ತಿಂಗಳುಗಳಲ್ಲಿ ತೆಪ್ಪ ನಿಲ್ಲುವುದಿಲ್ಲ, ಉಪ್ಪಿನ ಅಂಶವೂ ಇಳಿಯುತ್ತದೆ. ಹಾಗಾಗಿ ನಮ್ಮ ಕರಾವಳಿಯಿಂದ ವರ್ಷವಿಡೀ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು, ತೊಳೆದಿದ್ದಾರೋ ಇಲ್ಲವೋ ನೋಡಿ. ಮರಳಿನ ಮೇಲೆ ಒಣಗಿಸಿದ ಕಳೆಯಲ್ಲಿ ಮರಳು, ಸಿಂಪಿಯ ಚೂರು, ಉಪ್ಪು ಎಲ್ಲವೂ ಇರುತ್ತವೆ. ತೂಕಕ್ಕೆ ಅದೂ ಸೇರುತ್ತದೆ. ಒಂದು ಹಿಡಿ ಪುಡಿಯನ್ನು ನೀರಿಗೆ ಹಾಕಿ ಕದಡಿ, ತಳದಲ್ಲಿ ಕೂತದ್ದನ್ನು ಬೆರಳಿನಿಂದ ಉಜ್ಜಿ ನೋಡಿ. ಕರಕರ ಎಂದರೆ ಮರಳಿಗೆ ಹಣ ಕೊಡುತ್ತಿದ್ದೀರಿ.

ಕೃಷ್ಣೆಯ ದಂಡೆ

ಅಕ್ಕಾ, ವ್ಯಾಪಾರಿ ಬಿಟ್ಟುಹೋದ ಮಾದರಿ ಪೊಟ್ಟಣವನ್ನು ಈಗಲೇ ನೀರಿಗೆ ಹಾಕಿ ನೋಡಿದೆ. ಸ್ಟೀಲಿನ ಲೋಟದ ತಳದಲ್ಲಿ ಅರ್ಧ ಚಮಚದಷ್ಟು ಮರಳು ಕೂತಿದೆ. ನಾಲಿಗೆಗೆ ಹಚ್ಚಿದರೆ ಉಪ್ಪಿನಕಾಯಿಯ ನೀರಿನಷ್ಟು ಉಪ್ಪು.

ಶಾವಿಗೆ ಮನೆ (ಬೈಲಹೊಂಗಲ)

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ನಮ್ಮದು ಹತ್ತು ಹೆಂಗಸರ ಸಂಘ. ಶಾವಿಗೆ ಯಂತ್ರ ಇಟ್ಟುಕೊಂಡಿದ್ದೇವೆ. ಬೇಸಿಗೆಯಲ್ಲಿ ಗೋಧಿ ಶಾವಿಗೆ, ಮಳೆಗಾಲದಲ್ಲಿ ಯಂತ್ರ ಸುಮ್ಮನೆ ಕೂತಿರುತ್ತದೆ. ನಮ್ಮ ಭಾವನವರು ಕೃಷಿ ಹೊಂಡದಲ್ಲಿ ಮೀನು ಸಾಕುತ್ತಾರೆ. ಹೋದ ವರ್ಷ ಅವರಿಗಾಗಿ ಅದೇ ಯಂತ್ರದಲ್ಲಿ ಮೀನಿನ ಗುಳಿಗೆ ಒತ್ತಿದೆವು. ದೊಡ್ಡ ತೂತಿನ ಬಿಲ್ಲೆ ಹಾಕಿ ಒತ್ತಿದರೆ ಎಳೆ ಬರುತ್ತದೆ, ಬಿಸಿಲಿಗೆ ಹರಡಿ ಅರೆಬರೆ ಒಣಗಿದ ಮೇಲೆ ಕೈಯಿಂದ ಮುರಿಯುತ್ತೇವೆ. ಅದಕ್ಕೆಂದೇ ಬೇರೆ ಬಿಲ್ಲೆ, ಬೇರೆ ಪಾತ್ರೆ. ಕೆಲಸ ಮುಗಿದ ಮೇಲೆ ಯಂತ್ರವನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ತೊಳೆದು ಒಣಗಿಸುತ್ತೇವೆ, ಮುಂದೆ ಜನ ತಿನ್ನುವ ಶಾವಿಗೆ ಮಾಡಬೇಕಲ್ಲ.

ನಮ್ಮ ಭಾಗದಲ್ಲಿ ಸೋಯಾ ಬೆಳೆಯುತ್ತಾರೆ, ಸೋಯಾ ಹಿಂಡಿ ಸುಲಭವಾಗಿ ಸಿಗುತ್ತದೆ. ಸೋಯಾ ಹಿಂಡಿ, ಶೇಂಗಾ ಹಿಂಡಿ, ತೌಡು, ಗೋವಿನಜೋಳದ ಹಿಟ್ಟು ಬೆರೆಸಿ ಒತ್ತಿದೆವು. ತೊಂದರೆ ಏನೆಂದರೆ ಗುಳಿಗೆ ನೀರಿಗೆ ಬಿದ್ದ ಐದು ನಿಮಿಷಕ್ಕೆ ಒಡೆದು ಹಿಟ್ಟಾಗುತ್ತಿತ್ತು. ಮೀನು ತಿನ್ನುವ ಮೊದಲೇ ತಳ ಸೇರುತ್ತಿತ್ತು. ನಮ್ಮವರೊಬ್ಬರು ಕಡಲಕಳೆಯ ಪುಡಿ ತರಿಸಿಕೊಟ್ಟರು. ಅಂಟು ಬರುತ್ತದೆ ಎಂದು ಕೇಳಿದ್ದೆವು. ಹಿಟ್ಟಿಗೆ ಹಾಗೆಯೇ ಬೆರೆಸಿ ತಣ್ಣೀರಿನಲ್ಲಿ ಕಲಸಿದರೆ ಅಂಟು ಬರಲೇ ಇಲ್ಲ, ಎಳೆ ಇನ್ನೂ ಹೆಚ್ಚು ತುಂಡಾಯಿತು. ಆಮೇಲೆ ನೆನಪಾಯಿತು, ಮಕ್ಕಳಿಗೆ ಚೈನಾ ಗ್ರಾಸ್ ಮಾಡುವಾಗ ಏನು ಮಾಡುತ್ತೇವೆ? ಕುದಿಸುತ್ತೇವೆ, ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ಅದೂ ಕಡಲಕಳೆಯಿಂದ ಬಂದದ್ದೇ. ಪುಡಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದೆವು. ಲೋಳೆಯಾಗಿ ಸೌಟಿಗೆ ಅಂಟಿಕೊಂಡಿತು. ಬಿಸಿ ಇರುವಾಗಲೇ ಹಿಟ್ಟಿಗೆ ಸುರಿದು ನಾದಿ ಒತ್ತಿದೆವು. ಎಳೆ ನುಣುಪಾಗಿ ಇಳಿಯಿತು.

ಮೂರು ಗಾಜಿನ ಲೋಟಗಳಲ್ಲಿ ನೀರು ಹಾಕಿ ಪಕ್ಕಪಕ್ಕ ಇಟ್ಟೆವು. ಒಂದರಲ್ಲಿ ಏನೂ ಅಂಟು ಇಲ್ಲದ ಗುಳಿಗೆ, ಒಂದರಲ್ಲಿ ಕುದಿಸಿದ ಕಡಲಕಳೆಯದು, ಇನ್ನೊಂದರಲ್ಲಿ ಗೋವಿನಜೋಳದ ಅಂಬಲಿ ಕಾಸಿ ಕಲಸಿದ್ದು. ಮೊದಲನೆಯದು ಐದು ನಿಮಿಷಕ್ಕೆ ಮೋಡವಾಯಿತು. ಕಡಲಕಳೆಯದು ಒಂದು ಗಂಟೆ ಕಳೆದರೂ ಉಬ್ಬಿಕೊಂಡು ಇಡಿಯಾಗಿಯೇ ಇತ್ತು. ಅಂಬಲಿಯದು ಮುಕ್ಕಾಲು ಗಂಟೆ ತಾಳಿತು. ಕಡಲಕಳೆ ಗೆದ್ದದ್ದು ನಿಜ, ಆದರೆ ಅಂಬಲಿಗೆ ಖರ್ಚೇ ಇಲ್ಲ.

ಆಮೇಲೆ ಆದ ನಷ್ಟವನ್ನೂ ಹೇಳುತ್ತೇನೆ. ಜುಲೈ ತಿಂಗಳಲ್ಲಿ ಹನ್ನೆರಡು ಕಿಲೋ ಗುಳಿಗೆಯನ್ನು ಚೀಲದಲ್ಲಿ ಕಟ್ಟಿಟ್ಟೆವು. ಉಪ್ಪಿರುವ ಪುಡಿ ಜಡಿಮಳೆಯ ತೇವವನ್ನೆಲ್ಲ ಎಳೆದುಕೊಂಡಿತು. ಹತ್ತು ದಿನಕ್ಕೆ ಚೀಲ ಬಿಚ್ಚಿದರೆ ಗುಳಿಗೆಗಳು ಒಂದಕ್ಕೊಂದು ಅಂಟಿ ಮೇಲೆ ಹಸಿರು ಬೂಷ್ಟು. ಅಷ್ಟನ್ನೂ ಗುಂಡಿಗೆ ಹಾಕಿ ಮುಚ್ಚಿದೆವು.

ಹಳೆಯ ಬಲೆ

ತಂಗೀ, ಗುಂಡಿಗೆ ಹಾಕಿದ್ದೇ ಒಳ್ಳೆಯದಾಯಿತು. ಹಸಿರು ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಮೀನಿನ ಯಕೃತ್ತನ್ನು ಹಾಳು ಮಾಡುತ್ತದೆ. ಎಷ್ಟೋ ರೈತರು "ದನ ತಿನ್ನಲಿಲ್ಲ, ಮೀನಿಗೆ ಹಾಕೋಣ" ಎಂದು ಬೂಷ್ಟು ಹಿಂಡಿಯನ್ನು ಕೆರೆಗೆ ಸುರಿದು, ಮೀನು ಏಕೆ ಬೆಳೆಯುತ್ತಿಲ್ಲ ಎಂದು ನನ್ನನ್ನು ಕೇಳಿದ್ದಾರೆ. ಆ ಹಿಂಡಿಯನ್ನು ಕೈಯಿಂದ ಮುಟ್ಟುವುದೂ ಬೇಡ.

ನಿನ್ನ ಮೂರು ಲೋಟಗಳ ಪರೀಕ್ಷೆ ನನಗೆ ಬಹಳ ಹಿಡಿಸಿತು. ನೂರು ರೂಪಾಯಿ ಖರ್ಚಿಲ್ಲದೆ ಮಾಡಿದ ಪ್ರಯೋಗ. ನೀರಿನಲ್ಲಿ ಕರಗಿದ ಮೇವು ಬರೀ ನಷ್ಟವಲ್ಲ, ಅದು ಕೊಳೆತು ಆಮ್ಲಜನಕವನ್ನು ತಿನ್ನುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಪಟಪಟ ಗಾಳಿ ಕುಡಿಯುವುದು ಅದಕ್ಕೇ. ಗುಳಿಗೆ ಒಂದು ಗಂಟೆ ಹಿಡಿದು ನಿಂತರೆ ಮೇವೂ ಉಳಿಯಿತು, ನೀರೂ ಉಳಿಯಿತು.

ಸವದತ್ತಿ ಮೇಷ್ಟ್ರು (ಸವದತ್ತಿ)

ವಿಜ್ಞಾನ ಕಲಿಸುವವನಾಗಿ ಮೂರು ವಿಷಯ ಬಿಡಿಸಿ ಹೇಳಬೇಕು ಅನಿಸಿತು. ಮೊಬೈಲಿನಲ್ಲಿ ಬರುವ ವೀಡಿಯೊಗಳಲ್ಲಿ ಎಲ್ಲವೂ ಕಲಸಿಹೋಗಿದೆ.

ದನಗಳಿಗೆ ಕಡಲಕಳೆ ತಿನ್ನಿಸಿದರೆ ಮೀಥೇನ್ ಕಡಿಮೆಯಾಗುತ್ತದೆ ಎಂಬ ಸುದ್ದಿ ಆಸ್ಟ್ರೇಲಿಯಾದ ಸಂಶೋಧನೆಯಿಂದ ಬಂದದ್ದು. ಅದು ಆಸ್ಪರಗಾಪ್ಸಿಸ್ ಎಂಬ ಒಂದು ಕೆಂಪು ಜಾತಿ. ಅದರಲ್ಲಿರುವ ಬ್ರೋಮೋಫಾರ್ಮ್ ದನದ ಮೊದಲ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುವುದನ್ನು ತಡೆಯುತ್ತದೆ. ಮೀನು ಮೆಲುಕು ಹಾಕುವ ಪ್ರಾಣಿಯಲ್ಲ, ಆ ಸುದ್ದಿಗೂ ನಮ್ಮ ಹೊಂಡಕ್ಕೂ ಸಂಬಂಧವಿಲ್ಲ.

ಒಮೆಗಾ-3 ಸುದ್ದಿಯೂ ಹಾಗೆಯೇ. ಸಾಲ್ಮನ್ ಮೇವಿನಲ್ಲಿ ಮೀನೆಣ್ಣೆಯ ಬದಲು ಬಳಸುವ ಪಾಚಿ ಎಣ್ಣೆ ತೊಟ್ಟಿಗಳಲ್ಲಿ ಬೆಳೆಸುವ ಸೂಕ್ಷ್ಮಜೀವಿಯದು. ಬಂಡೆಯ ಮೇಲೆ ಬೆಳೆಯುವ ಕಡಲಕಳೆಯಲ್ಲಿ ಕೊಬ್ಬಿನ ಅಂಶವೇ ಬಹಳ ಕಡಿಮೆ.

ಮೂರನೆಯದು ಎಚ್ಚರದ ಮಾತು. ಕಂದು ಜಾತಿಗಳು ಕಡಲಿನ ಅಯೋಡಿನನ್ನು ಬಹಳವಾಗಿ ಹೀರಿಕೊಳ್ಳುತ್ತವೆ. ಮೀನಿನ ಮಾಂಸಕ್ಕೂ ಸ್ವಲ್ಪ ಬರುತ್ತದೆ, ಹಿತಮಿತವಾದರೆ ಅದು ಒಳ್ಳೆಯದೇ. ಆದರೆ ಅವು ಆರ್ಸೆನಿಕ್ಕನ್ನೂ ಹೀರುತ್ತವೆ. ಜಪಾನಿನ ಕಡೆ ತಿನ್ನುವ ಹಿಜಿಕಿ ಎಂಬ ಕಳೆಯನ್ನು ತಿನ್ನಬೇಡಿ ಎಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಜನರಿಗೆ ಹೇಳಿದ್ದು ಅದರಲ್ಲಿರುವ ಅಜೈವಿಕ ಆರ್ಸೆನಿಕ್ಕಿನ ಕಾರಣಕ್ಕೆ. ಹಿಜಿಕಿ ಕೂಡ ಸರ್ಗಾಸಮ್ ಕುಲದ್ದೇ. ನಮ್ಮ ಕರಾವಳಿಯ ಸರ್ಗಾಸಮ್ ಹಾಗೆಯೇ ಎಂದು ನಾನು ಹೇಳುತ್ತಿಲ್ಲ. ಜಾತಿಯ ಹೆಸರಿಲ್ಲದ, ಪರೀಕ್ಷೆಯ ವರದಿ ಇಲ್ಲದ ಕಂದು ಪುಡಿಯನ್ನು ಜನ ತಿನ್ನುವ ಮೀನಿಗೆ ಹಾಕಬಾರದು ಎಂದು ಮಾತ್ರ ಹೇಳುತ್ತಿದ್ದೇನೆ. ಚೀಲದ ಮೇಲೆ ಜಾತಿಯ ಹೆಸರು ಇದೆಯೇ?

ಕೃಷ್ಣೆಯ ದಂಡೆ

ಗುರುಗಳೇ, ಚೀಲದ ಮೇಲೆ ಒಂದು ಮೀನಿನ ಚಿತ್ರ ಮತ್ತು "ನೈಸರ್ಗಿಕ" ಎಂಬ ಪದ ಬಿಟ್ಟರೆ ಏನೂ ಇಲ್ಲ. ವ್ಯಾಪಾರಿಗೆ ಫೋನ್ ಮಾಡಿ ಜಾತಿ ಯಾವುದು ಎಂದು ಕೇಳಿದೆ. "ಕಡಲಕಳೆ ಎಂದರೆ ಕಡಲಕಳೆಯೇ" ಎಂದರು. ವರದಿ ಕೇಳಿದ ಮೇಲೆ ಫೋನ್ ಎತ್ತುತ್ತಿಲ್ಲ.

ದ್ರಾಕ್ಷಿ ಚಪ್ಪರ

ತಮ್ಮಾ, ಎರಡು ಚೀಲ ಕೊಂಡು ನೋಡು ಎಂದು ಮೊದಲು ಹೇಳಿದವನು ನಾನು. ಆ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ ಎಲ್ಲರೂ ಸೇರಿ ಕಡಲಕಳೆಯನ್ನೇ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಂಕೋಲೆಯಿಂದ ಹುಬ್ಬಳ್ಳಿಗೆ ಬಂದು ನಮ್ಮ ವಿಜಯಪುರವನ್ನು ಹಾದು ಸೋಲಾಪುರಕ್ಕೆ ಹೋಗುವುದು ಒಂದೇ ಹೆದ್ದಾರಿ, 52. ಆ ದಾರಿಯಲ್ಲಿ ನಮ್ಮ ದ್ರಾಕ್ಷಿ, ದಾಳಿಂಬೆ ಕರಾವಳಿಗೆ ಇಳಿಯುತ್ತವೆ, ಎಷ್ಟೋ ಲಾರಿಗಳು ಖಾಲಿ ಮರಳುತ್ತವೆ. ಹತ್ತು ಕಿಲೋ ಹಸಿ ಕಳೆ ಒಣಗಿದರೆ ಒಂದು ಕಿಲೋ. ಅಲ್ಲಿಯೇ ತೊಳೆದು ಒಣಗಿಸಿ ಪುಡಿ ಮಾಡಿದರೆ ಸಾಗಣೆ ಅಷ್ಟೊಂದು ಭಾರವಾಗದು. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಯ ಕೃಷಿಗೂ ಸಹಾಯಧನ ಇಟ್ಟಿದ್ದರು, ಸಾಮಾನ್ಯ ವರ್ಗಕ್ಕೆ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60. ಅಂಕೋಲೆಯ ಅಕ್ಕ ಹೇಳಿದಂತೆ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ನಮ್ಮದೇ ಕರಾವಳಿಯ ಹೆಂಗಸರು ಬೆಳೆಸಿದರೆ, ಮಂಡಪಂನಿಂದ ಸಾವಿರ ಕಿಲೋಮೀಟರ್ ತರುವ ಅಗತ್ಯವಿಲ್ಲ.

ಅಂಕೋಲೆಯ ಮಗಳು

ಆ ದಿನ ಬಂದರೆ ನನಗಿಂತ ಸಂತೋಷ ಪಡುವವರು ಯಾರಿದ್ದಾರೆ ಅಣ್ಣಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಉಳಿದ ತಿಂಗಳುಗಳಲ್ಲೂ ಮೀನು ಸಿಗುವ ಭರವಸೆ ಇಲ್ಲ. ನನ್ನ ಚಿಕ್ಕಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಾ ಮೊಣಕಾಲು ಸವೆಸಿಕೊಂಡವರು. ಅಂಥವರ ಕೈಗೆ ತೆಪ್ಪದ ಕೆಲಸ ಸಿಕ್ಕಬೇಕು. ಆದರೆ ಕೊಳ್ಳುವವರು ಬರುವುದು ಮೊದಲಾಗಬೇಕು. ಕ್ಯಾರಜೀನನ್ ಕಾರ್ಖಾನೆಗಳು, ದ್ರಾಕ್ಷಿಯ ರಸದ ಕಂಪನಿಗಳು ಒಳ್ಳೆಯ ಕಳೆಗೆ ಮೀನಿನ ಮೇವಿನವರಿಗಿಂತ ಹೆಚ್ಚು ಹಣ ಕೊಡುತ್ತವೆ. ಮೇವಿಗೆ ಬರುವುದು ಅವರು ಬಿಟ್ಟದ್ದೋ, ರಸ ತೆಗೆದ ಮೇಲೆ ಉಳಿದದ್ದೋ ಇರಬೇಕು. ಅದರಲ್ಲಿ ತಪ್ಪಿಲ್ಲ, ಅದನ್ನೇ ತೊಳೆದು ಕೊಟ್ಟರೆ ಸಾಕು.

ಮೀನು ಪದವಿ

ಜಮಖಂಡಿಯವರಿಗೆ ಹತ್ತಿರದ ದಾರಿಯೂ ಇದೆ. ಅಜೋಲಾ ಎಂಬ ನೀರಿನ ಮೇಲೆ ತೇಲುವ ಸಣ್ಣ ಗಿಡದ ಒಣ ತೂಕದಲ್ಲಿ ಪ್ರೋಟೀನು ನೂರಕ್ಕೆ 20ರಿಂದ 25. ನಿಮ್ಮ ಹೊಂಡದ ಪಕ್ಕದಲ್ಲಿಯೇ ತೊಟ್ಟಿ ಮಾಡಿ ಬೆಳೆಸಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅದು ಸುಟ್ಟುಹೋಗುತ್ತದೆ, ಹಸಿರು ಬಲೆಯ ನೆರಳು ಕಡ್ಡಾಯ. ನೂರು ಹುಲ್ಲುಗೆಂಡೆ ಮರಿ ಬಿಟ್ಟರೆ ಒಡ್ಡಿನ ಮೇಲೆ ಬೆಳೆದ ನೇಪಿಯರ್ ಹುಲ್ಲನ್ನೇ ತಿನ್ನುತ್ತವೆ, ಅವುಗಳ ಹಿಕ್ಕೆ ಪ್ಲವಕಕ್ಕೆ ಗೊಬ್ಬರವಾಗಿ ಕಾಟ್ಲಾಗೆ ಊಟ. ರೇಷ್ಮೆ ಗೂಡಿನ ಪ್ಯೂಪಾ ಸಿಕ್ಕರೆ ಅದರಲ್ಲಿ ಪ್ರೋಟೀನು ಹಿಂಡಿಗಿಂತ ಹೆಚ್ಚು, ಕರ್ನಾಟಕದಲ್ಲಿ ಅದನ್ನು ಮೀನಿಗೆ ಹಾಕುವುದು ಹಳೆಯ ರೂಢಿ.

ಹಳೆಯ ಬಲೆ

ಅದನ್ನೆಲ್ಲ ಮಾಡಲಿ. ಆದರೆ ಹುಡುಗನಿಗೆ ಕಡಲಕಳೆಯನ್ನು ನೋಡಬೇಕು ಎಂಬ ಆಸೆ ಇದ್ದರೆ ನೋಡಲಿ, ಸರಿಯಾಗಿ ನೋಡಲಿ. ಹೊಂಡಕ್ಕೆಲ್ಲ ಸುರಿದರೆ ಏನೂ ತಿಳಿಯುವುದಿಲ್ಲ. ಆ ವರ್ಷ ಮೀನು ಬೆಳೆದರೆ ಕಳೆಯಿಂದಲೋ, ಮಳೆ ಚೆನ್ನಾಗಿ ಆದದ್ದರಿಂದಲೋ ಎಂದು ಹೇಳುವವರು ಯಾರು?

ಸೊಳ್ಳೆಪರದೆಯಂಥ ಬಲೆಯಲ್ಲಿ ನಾಲ್ಕು ಹಾಪಾ, ಅಂದರೆ ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿ, ಹೊಲಿಸು. ಒಂದೇ ಹೊಂಡದಲ್ಲಿ ಸಾಲಾಗಿ ಗಳ ನೆಟ್ಟು ಕಟ್ಟು. ಪ್ರತಿಯೊಂದರಲ್ಲಿ ಒಂದೇ ಅಳತೆಯ ಇಪ್ಪತ್ತು ರೋಹು ಮರಿ. ಎರಡಕ್ಕೆ ನಿನ್ನ ಹಳೆಯ ಮೇವನ್ನು ಅಂಬಲಿಯಲ್ಲಿ ಕಲಸಿದ ಗುಳಿಗೆ, ಎರಡಕ್ಕೆ ನೂರು ಕಿಲೋ ಮೇವಿಗೆ ಐದು ಕಿಲೋ ಲೆಕ್ಕದಲ್ಲಿ ತೌಡು ತೆಗೆದು ಆ ಜಾಗಕ್ಕೆ ತೊಳೆದ, ಕುದಿಸಿದ ಕಡಲಕಳೆ ಹಾಕಿದ ಗುಳಿಗೆ. ತೂಕ ಮಾಡಿ ಹಾಕು, ಕಣ್ಣಂದಾಜು ಬೇಡ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ತಂಪಿನಲ್ಲಿ ಮೀನು ತೂಗು. ಬಲೆಯ ತೂತುಗಳು ಪಾಚಿಯಿಂದ ಕಟ್ಟಿಕೊಳ್ಳುತ್ತವೆ, ವಾರಕ್ಕೊಮ್ಮೆ ಉಜ್ಜು. ಮೂರು ತಿಂಗಳು. ಲೆಕ್ಕದ ಪುಸ್ತಕವನ್ನು ತೆಗೆದುಕೊಂಡು ಭೂತನಾಳದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕೆ ಬಾ, ಅಲ್ಲಿಯ ವಿಜ್ಞಾನಿಗಳಿಗೆ ತೋರಿಸೋಣ. ನಾನೂ ಬರುತ್ತೇನೆ.

ಶಾವಿಗೆ ಮನೆ

ತಮ್ಮಾ, ಗುಳಿಗೆ ನಾವು ಒತ್ತಿ ಕೊಡುತ್ತೇವೆ. ನಾಲ್ಕು ಹಾಪಾಗೆ ಬೇಕಾಗುವುದು ಸ್ವಲ್ಪವೇ. ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಮಾಡೋಣ, ಕೂಡಿಡುವುದು ಬೇಡ.

ಕೃಷ್ಣೆಯ ದಂಡೆ

ಎಂಟು ಚೀಲದ ಮಾತು ಮುಗಿಯಿತು. ಜಾತಿಯ ಹೆಸರು ಮತ್ತು ವರದಿ ಇರುವ ಕಪ್ಪಾಫೈಕಸ್ ಪುಡಿ ಐದು ಕಿಲೋ ತರಿಸುತ್ತಿದ್ದೇನೆ. ಅದು ರಾಮನಾಥಪುರದ ತೆಪ್ಪದಲ್ಲಿ ಬೆಳೆದದ್ದು. ಹಾಪಾದ ಬಟ್ಟೆಯನ್ನು ಅವ್ವ ಹೊಲಿಯಲು ಕೂತಿದ್ದಾಳೆ, ಅಂಚಿಗೆ ಹಗ್ಗ ಸೇರಿಸಿ ಎರಡು ಹೊಲಿಗೆ ಹಾಕುತ್ತಿದ್ದಾಳೆ. ಅಪ್ಪ ತಕ್ಕಡಿಯನ್ನು ಒರೆಸಿ ಇಟ್ಟಿದ್ದಾರೆ. ಸರ್, ಇಪ್ಪತ್ತು ಮರಿಗಳನ್ನು ಒಂದೊಂದಾಗಿ ತೂಗಬೇಕೋ, ಒಟ್ಟಿಗೆ ತೂಗಿ ಭಾಗಿಸಿದರೆ ಸಾಕೋ?

ಹಳೆಯ ಬಲೆ

ಬಕೆಟ್ಟಿನಲ್ಲಿ ನೀರು ಹಾಕಿ ತೂಗು, ಮರಿಗಳನ್ನು ಬಿಟ್ಟು ಮತ್ತೆ ತೂಗು, ಕಳೆದು ಇಪ್ಪತ್ತರಿಂದ ಭಾಗಿಸು. ಒಂದೊಂದನ್ನೇ ಕೈಯಲ್ಲಿ ಹಿಡಿದರೆ ಹುರುಪೆ ಉದುರಿ ಗಾಯವಾಗುತ್ತದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟು.